ಕೊಟ್ಟಿಗೆಯಿಂದ ಹಂದಿಗೂಡಿಗೆ: ಗಬ್ಬ ಕೆಡಿಸುವ ವೈರಸ್

ಗಬ್ಬ ನಿಂತ ಹಂದಿ ಮತ್ತೆ ಬೆದೆಗೆ ಬರುವುದು, ಹತ್ತು ಮರಿ ಹಾಕುತ್ತಿದ್ದದ್ದು ನಾಲ್ಕಕ್ಕೆ ಇಳಿಯುವುದು, ಮರಿಗಳ ಜೊತೆ ಕಪ್ಪಗೆ ಒಣಗಿದ ಪಿಂಡ ಬೀಳುವುದು: ದನ, ಕುರಿ, ಹಂದಿ ಮೂರೂ ಒಂದೇ ಹಿತ್ತಲಲ್ಲಿರುವ ಕಡೆ ಈ ದೂರು ಮರುಕಳಿಸಿದರೆ ದನದ ಬಿ.ವಿ.ಡಿ. (ಬೊವೈನ್ ವೈರಲ್ ಡಯೇರಿಯಾ) ಮತ್ತು ಕುರಿಯ ಬಾರ್ಡರ್ ಡಿಸೀಸ್ ವೈರಸ್‌ಗಳ ಮೇಲೂ ಸಂಶಯ ಇರಬೇಕು. ಎರಡೂ ಹಂದಿ ಜ್ವರದ ವೈರಸ್ಸಿನ ದಾಯಾದಿಗಳು. ತಾಯಿಹಂದಿ ಮೇವು ಬಿಡದೆ ಆರಾಮಾಗಿಯೇ ಇರಬಹುದು. ಪೆಟ್ಟು ಹೊಟ್ಟೆಯೊಳಗಿನ ಮರಿಗೆ. 114 ದಿನದ ಗಬ್ಬದಲ್ಲಿ ಆರಂಭಕ್ಕೇ ಸೋಂಕಾದರೆ ಪಿಂಡ ಕರಗುತ್ತದೆ, ಆಮೇಲಾದರೆ ಒಣಗಿದ, ಸತ್ತ ಅಥವಾ ನಡುಗುವ ಮರಿ ಹುಟ್ಟುತ್ತದೆ. ಬದುಕಿದ ಮರಿ ವೈರಸ್ ಹರಡುತ್ತಲೇ ಬೆಳೆಯಬಹುದು. ಅದನ್ನು ತಳಿಗೆ ಉಳಿಸಿಕೊಳ್ಳಬಾರದು.

ಎಷ್ಟು ಹೇಳಿದರೂ ನಿಲ್ಲದ ತಪ್ಪು ಒಂದೇ. ಹಸು ಕಂದು ಹಾಕಿದರೆ ಸತ್ತ ಕರು, ಸತ್ತೆ, ಮಾರಲಾಗದ ಹಾಲು ಎಲ್ಲವೂ ನೇರ ಹಂದಿಯ ತೊಟ್ಟಿಗೆ. ಹಂದಿ ಏನನ್ನೂ ಅರಗಿಸಿಕೊಳ್ಳುತ್ತದಂತೆ! ವೈರಸ್ಸಿಗೆ ಇದಕ್ಕಿಂತ ಸಲೀಸಾದ ದಾರಿ ಬೇಕಿಲ್ಲ. ಕರು, ಸತ್ತೆಗಳನ್ನು ನಾಲ್ಕಡಿಗೂ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಾಲು, ಮಜ್ಜಿಗೆ, ಮುಸುರೆಯನ್ನು ಅರ್ಧ ಗಂಟೆ ಕೊತಕೊತ ಕುದಿಸದೆ ಹಾಕಲೇಬಾರದು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿಸುವವರು ಮಂದೆಯನ್ನು ಹಂದಿಗೂಡಿನಿಂದ ದೂರವಿಡಬೇಕು, ಈಯುವ ಕಾಲದಲ್ಲಂತೂ ಹತ್ತಿರ ಸುಳಿಯಗೊಡಬಾರದು.

ಗೂಡಿನ ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಇರಲಿ: ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ, ದಿನವೂ ಹೊಸದು. ಖಾಲಿ ಗೂಡಿನ ನೆಲಕ್ಕೆ ಲೀಟರಿಗೆ 20 ಗ್ರಾಂ ಕಾಸ್ಟಿಕ್ ಸೋಡಾ, ಅಂದರೆ 16 ಲೀಟರಿಗೆ 320 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಅಲ್ಯುಮಿನಿಯಂ ಪಾತ್ರೆ ತೂತಾಗುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಕಡ್ಡಾಯ. ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆದ ಮೇಲೆಯೇ ಹಂದಿ ಒಳಗೆ. ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 30 ಗ್ರಾಂ, ಅದೂ ಹೊಸ ಚೀಲದ್ದು. ಸಗಣಿ ಬಾಚದೆ ಮೇಲೆ ಸುರಿದರೆ ಪುಡಿಯೂ ದಂಡ, ಕೂಲಿಯೂ ದಂಡ.

ಈ ಸೋಂಕಿಗೆ ಔಷಧ ಇಲ್ಲ; ಆ್ಯಂಟಿಬಯಾಟಿಕ್ ಚುಚ್ಚಿಸುವುದು ವ್ಯರ್ಥ. ಹಂದಿ ಜ್ವರದ ಲಸಿಕೆ ಹಾಕಿಸಲೇಬೇಕು, ಆದರೆ ಅದು ಹಂದಿ ಜ್ವರಕ್ಕೆ. ಇದಕ್ಕೂ ಆಯಿತೆಂದು ನಂಬಿ ಕೂರಬಾರದು. ಪಾರ್ವೊ, ಲೆಪ್ಟೊಸ್ಪೈರಾ, ಬ್ರೂಸೆಲ್ಲಾ ಕೂಡ ಹೀಗೆಯೇ ಗಬ್ಬ ಕೆಡಿಸುವುದರಿಂದ ಪರೀಕ್ಷೆ ಬೇಕೇ ಬೇಕು. ಬರೀ ರಕ್ತದ ಪ್ರತಿಕಾಯ ಪರೀಕ್ಷೆ ಈ ಸೋಂಕನ್ನು ಹಂದಿ ಜ್ವರವೆಂದೇ ತೋರಿಸಿಬಿಡಬಹುದು; ಪಿಸಿಆರ್ ಮಾಡಿಸಬೇಕು. ಸತ್ತ ಮರಿ, ಒಣಗಿದ ಪಿಂಡಗಳನ್ನು ಐಸ್ ಡಬ್ಬಿಯಲ್ಲಿಟ್ಟು ತಾಯಿಯ ರಕ್ತದೊಂದಿಗೆ ಪಶುವೈದ್ಯರ ಮೂಲಕ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಅದೇ ದಿನ ಕಳಿಸಬೇಕು. ಫಾರ್ಮಲಿನ್‌ನಲ್ಲಿ ಮುಳುಗಿಸಿದ್ದು ಈ ಪರೀಕ್ಷೆಗೆ ಬಾರದು.