ಹಿತ್ತಲ ಸೀಬೆ ಮತ್ತು ಬಾವಲಿ

ಹಿತ್ತಲಿನ ಸೀಬೆ ಹಣ್ಣಾಗತೊಡಗಿದರೆ ಹಗಲು ಅಳಿಲು, ಇರುಳು ಬಾವಲಿ ಬರುವುದು ಸಹಜ. ಮರದಡಿ ಬಿದ್ದ ಹಣ್ಣಿನ ಕಚ್ಚಿದ ಭಾಗವನ್ನಷ್ಟೇ ಕೊಯ್ದು ತೆಗೆದು, ಉಳಿದುದನ್ನು ಮಕ್ಕಳಿಗೆ ಕೊಡುವುದುಂಟು. ಇದು ಕೂಡದು. 2018ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಪಾ ರೋಗದ ವೈರಾಣುವಿಗೆ ಹಣ್ಣು ತಿನ್ನುವ ಬಾವಲಿಗಳೇ ಆಶ್ರಯ. ಅವುಗಳ ಜೊಲ್ಲು ತಾಗಿದ ಹಣ್ಣಿನಿಂದ ಸೋಂಕು ತಗಲಬಹುದು. ಅಂತಹ ಹಣ್ಣನ್ನು ಬರಿಗೈಯಲ್ಲಿ ಮುಟ್ಟದೆ, ದನಕರುಗಳಿಗೂ ಹಾಕದೆ ಹೂಳಬೇಕು. ನಂತರ ಸೋಪಿನಿಂದ ಕೈ ತೊಳೆಯಬೇಕು.

ಹಾಗೆಂದು ಬಾವಲಿಯನ್ನು ಕೊಲ್ಲಬಾರದು. ಪರಾಗಸ್ಪರ್ಶಕ್ಕೂ ಬೀಜ ಪ್ರಸಾರಕ್ಕೂ ಅದು ನೆರವಾಗುತ್ತದೆ. ಕಾಯಿ ನಿಂಬೆ ಗಾತ್ರವಿದ್ದಾಗಲೇ ತೆಳುಬಟ್ಟೆಯ ಚೀಲ ಕಟ್ಟಿದರೆ ಹಣ್ಣುನೊಣದ ಕಾಟವೂ ತಗ್ಗುತ್ತದೆ. ಬಲಿತ ಕಾಯಿ ಕಡುಹಸಿರಿನಿಂದ ತಿಳಿಹಸಿರಿಗೆ ತಿರುಗಿದೊಡನೆ ಕಿತ್ತು, ಮನೆಯೊಳಗೆ ಹಣ್ಣು ಮಾಡಿರಿ. ಮರದಲ್ಲಿ ಹಣ್ಣಿನ ವಾಸನೆ ಇಲ್ಲದಿದ್ದರೆ ಬಾವಲಿಯ ಬರವೂ ಕಡಿಮೆಯಾಗುತ್ತದೆ.