ನೋಯುವ ಥೈರಾಯ್ಡ್: ಕಾರಣವನ್ನು ಅರಸುವ ಕ್ರಮ

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ರಾತ್ರಿಪಾಳಿ ಮಾಡುವವರೂ, ನೆಗಡಿ-ಜ್ವರವೊಂದು ಬಂದುಹೋದ ಕೆಲವು ವಾರಗಳ ತರುವಾಯ ಕೊರಳ ಮುಂಭಾಗದಲ್ಲಿ ತಲೆದೋರಿ ದವಡೆಗೂ ಕಿವಿಗೂ ಹಬ್ಬುವ ನೋವನ್ನು ಹಲ್ಲುನೋವೆಂದೋ ಗಂಟಲುಬೇನೆಯೆಂದೋ ಭಾವಿಸಿ, ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಮಾತ್ರೆಗಳನ್ನು ನುಂಗುತ್ತ ದಿನ ಕಳೆಯುವುದುಂಟು. ಸಮವಸ್ತ್ರದ ಕಾಲರಿನ ಗುಂಡಿ ಹಾಕಿಕೊಳ್ಳಲೂ ಆಗದಷ್ಟು ಕೊರಳು ನೋಯುತ್ತಿದ್ದರೆ ಥೈರಾಯ್ಡ್ ಗ್ರಂಥಿಯನ್ನು ಶಂಕಿಸತಕ್ಕದ್ದು.

ಮೊದಲನೆಯದು ಕೈಯ ಪರೀಕ್ಷೆ. ವೈದ್ಯರು ರೋಗಿಯ ಹಿಂದೆ ನಿಂತು, ಶ್ವಾಸನಾಳದ ಇಕ್ಕೆಲಗಳಲ್ಲಿ ಬೆರಳಿಟ್ಟು, ಒಂದು ಗುಟುಕು ನೀರು ನುಂಗಲು ಹೇಳುತ್ತಾರೆ. ನುಂಗಿದಾಗ ಮೇಲೇರುವ ಊತವು ಸಾಮಾನ್ಯವಾಗಿ ಥೈರಾಯ್ಡಿನದು. ಅದು ಗಟ್ಟಿಯಾಗಿದ್ದು, ಮುಟ್ಟಿದರೆ ನೊಂದು, ನೋವು ಕೆಲದಿನಗಳಲ್ಲಿ ಒಂದು ಪಕ್ಕದಿಂದ ಇನ್ನೊಂದಕ್ಕೆ ಸರಿದರೆ, ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೆನ್ 1904ರಲ್ಲಿ ವರ್ಣಿಸಿದ ಉರಿಯೂತವೇ ಅತ್ಯಂತ ಸಂಭವನೀಯ ಕಾರಣ. ಮಧ್ಯವಯಸ್ಸಿನ ಸ್ತ್ರೀಯರಲ್ಲಿ ಇದು ಅಧಿಕ. ಕೋವಿಡ್ ಬಂದುಹೋದವರಲ್ಲಿಯೂ ಕಂಡುಬಂದಿದೆ.

ಆದರೆ ವಿಳಂಬವನ್ನು ಸಹಿಸದ ಕಾರಣಗಳನ್ನು ಮೊದಲು ಕಳೆಯಬೇಕು. ತೀವ್ರ ಜ್ವರ, ಕೆಂಪೇರಿದ ಚರ್ಮ, ಒಂದೇ ಪಕ್ಕದ, ವಿಶೇಷವಾಗಿ ಮಕ್ಕಳಲ್ಲಿ ಎಡಪಕ್ಕದ, ಊತವಿದ್ದರೆ ಕೀವಿನ ಶಂಕೆ. ಸ್ಕ್ಯಾನಿಗೂ ಸೂಜಿಯಿಂದ ಮಾದರಿ ತೆಗೆಯಲಿಕ್ಕೂ ಆ ದಿನವೇ ಆಸ್ಪತ್ರೆ ಸೇರತಕ್ಕದ್ದು. ವೃದ್ಧರಲ್ಲಿ ಗಂಟು ಶೀಘ್ರವಾಗಿ ಬೆಳೆದು ಸ್ವರ ಒಡೆದರೆ ಅರ್ಬುದವನ್ನು ನೆನೆಯಬೇಕು. ಹಳೆಯ ಗಂಟು ಹಠಾತ್ತನೆ ಊದಿ ನೊಂದರೆ ಅದರೊಳಗೆ ರಕ್ತ ಸೋರಿರಬಹುದು.

ಬಳಿಕ ರಕ್ತಪರೀಕ್ಷೆ. ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಸಾಮಾನ್ಯವಾಗಿ 50ನ್ನು ಮೀರಿರುತ್ತದೆ. ಅದು ಸಹಜವಾಗಿದ್ದರೆ ಉರಿಯೂತದ ಊಹೆ ದುರ್ಬಲ. ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ತಗ್ಗಿ, ಥೈರಾಯ್ಡ್ ಹಾರ್ಮೋನಾದ ಟಿ4 ಏರಿರುವುದನ್ನು ಕಂಡೊಡನೆ ಕಾರ್ಬಿಮಜೋಲ್ ಆರಂಭಿಸುವುದು ಖೇದಕರ ಪ್ರಮಾದ. ಇಲ್ಲಿ ಗ್ರಂಥಿ ಹಾರ್ಮೋನನ್ನು ಅತಿಯಾಗಿ ತಯಾರಿಸುತ್ತಿಲ್ಲ, ಬಿರಿದ ಕಣಜದಂತೆ ಕೂಡಿಟ್ಟದ್ದನ್ನು ಸೋರಿಸುತ್ತಿದೆ. ತಯಾರಿಕೆಯನ್ನು ತಡೆಯುವ ಔಷಧಕ್ಕೆ ಅಲ್ಲಿ ಕೆಲಸವೇ ಇಲ್ಲ. ಸಂದೇಹ ಉಳಿದರೆ ಅಯೋಡಿನ್ ಹೀರಿಕೆಯ ಸ್ಕ್ಯಾನ್ ತೀರ್ಮಾನಿಸುತ್ತದೆ: ಹಾರ್ಮೋನು ಅತಿಯಾಗಿ ತಯಾರಾಗುವ ಗ್ರೇವ್ಸ್ ರೋಗದಲ್ಲಿ ಹೀರಿಕೆ ಅಧಿಕ, ಈ ಉರಿಯೂತದಲ್ಲಿ ಬಹುತೇಕ ಶೂನ್ಯ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಈ ಸ್ಕ್ಯಾನ್ ಸಲ್ಲದು.

ಉರಿಯೂತವೆಂದು ಖಚಿತವಾದರೆ ವೈದ್ಯರು ಐಬುಪ್ರೊಫೆನ್‌ನಂತಹ ಮಾತ್ರೆಯನ್ನೋ, ನೋವು ತೀವ್ರವಾಗಿದ್ದರೆ ಪ್ರೆಡ್ನಿಸೊಲೋನನ್ನೋ ಬರೆಯುತ್ತಾರೆ. ಪ್ರೆಡ್ನಿಸೊಲೋನ್ ಕೊಟ್ಟ ಎರಡು-ಮೂರು ದಿನಗಳಲ್ಲಿಯೂ ನೋವು ಇಳಿಯದಿದ್ದರೆ ರೋಗನಿರ್ಣಯವನ್ನೇ ಪುನಃ ಪರಿಶೀಲಿಸಬೇಕು. ನೋವು ಹೋದ ಮೇಲೂ ಕೆಲವು ತಿಂಗಳು ಟಿಎಸ್‌ಎಚ್ ಪರೀಕ್ಷೆ ತಪ್ಪಿಸಬಾರದು, ಏಕೆಂದರೆ ಬರಿದಾದ ಗ್ರಂಥಿ ಕೆಲಕಾಲ ಮಂದವಾಗಬಹುದು, ಕೆಲವರಲ್ಲಿ ಹಾಗೆಯೇ ಉಳಿಯುತ್ತದೆ. ಇಎಸ್‌ಐ ಕಾರ್ಡುಳ್ಳ ಕಾರ್ಮಿಕರು ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗುವಾಗ ಹಿಂದಿನ ವರದಿಗಳನ್ನೆಲ್ಲ ಜೊತೆಗೊಯ್ಯತಕ್ಕದ್ದು.