ಪ್ರಾಗ್‌ಗೆ ಹೊರಟವರ ಕೊರುನಾ ಲೆಕ್ಕ

ಯುರೋಪ್ ಅಂದರೆ ಯೂರೊ ಅಂದುಕೊಂಡು ಪ್ರಾಗ್‌ಗೆ ಹೊರಡುವವರೇ ಹೆಚ್ಚು. ಝೆಕ್ ಗಣರಾಜ್ಯ 2004ರಲ್ಲೇ ಯುರೋಪಿಯನ್ ಒಕ್ಕೂಟ ಸೇರಿದರೂ ಯೂರೊ ಮಾತ್ರ ಬೇಡ ಅಂದುಬಿಟ್ಟಿದೆ. ಅಲ್ಲಿ ನಡೆಯುವುದು ಕೊರುನಾ. ಒಂದಕ್ಕೆ ನಮ್ಮ ನಾಲ್ಕು ರೂಪಾಯಿಗೆ ತುಸು ಮೇಲು. ನಮ್ಮಲ್ಲಿ ಸಿಗುವ ಬಹುತೇಕ ಫಾರೆಕ್ಸ್ ಕಾರ್ಡುಗಳಿಗೆ ಕೊರುನಾ ತುಂಬಿಸಲು ಬರುವುದಿಲ್ಲ. ಯೂರೊ ತುಂಬಿಸಿ ಒಯ್ದರೆ ಹಣ ಎರಡು ಸಲ ಕೈ ಬದಲಾಗುತ್ತದೆ, ಎರಡು ಸಲವೂ ಯಾರಿಗೋ ಪಾಲು ಸಲ್ಲುತ್ತದೆ. ಸಾಧಾರಣ ಕ್ರೆಡಿಟ್ ಕಾರ್ಡ್ ಆದರೆ ಶೇ 3.5ರಷ್ಟು ಮಾರ್ಕಪ್, ಅದರ ಮೇಲೆ ಶೇ 18 ಜಿಎಸ್‌ಟಿ. ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ಸುಮ್ಮನೆ ಹೋಯಿತು. ಹಾಗಾಗಿ ವಿಮಾನದ ಟಿಕೆಟ್ ಹುಡುಕುವ ಮೊದಲೇ ಮಾರ್ಕಪ್ ಇಲ್ಲದ ಕಾರ್ಡೊಂದನ್ನು ಮಾಡಿಸಿಕೊಂಡೆ. ಪ್ರಾಗ್‌ನಲ್ಲಿ ನೋಡುವುದಕ್ಕೆ ಅಷ್ಟೇನೂ ಖರ್ಚಿಲ್ಲ. ಹಣ ಸೋರುವುದು ಅದನ್ನು ಬದಲಾಯಿಸುವ ಜಾಗದಲ್ಲಿ.

ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಅರ್ಜಿ ತಿರಸ್ಕೃತವಾದರೆ ಅದು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು. ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು, ಹಾಕಿ. ಟೂರ್ ಪ್ಯಾಕೇಜ್ ಕೊಂಡರೆ ಟಿಸಿಎಸ್ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು ನಿಜ, ಅಲ್ಲಿಯವರೆಗೆ ನಿಮ್ಮ ದುಡ್ಡು ಸರ್ಕಾರದ ಬಳಿ.

ಕಾಲದ ವಿಷಯ ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. ದಸರೆಯಲ್ಲಿ ಇಲ್ಲಿನ ಲಾಡ್ಜ್‌ಗಳ ಬಾಡಿಗೆ ಏನಾಗುತ್ತದೋ, ಕ್ರಿಸ್‌ಮಸ್ ಸಂತೆಯ ಹೊತ್ತಿಗೆ ಅಲ್ಲಿಯೂ ಅದೇ ಆಗುತ್ತದೆ. ನಾವು ಚಳಿಗೆ ಹೆದರದೆ ಫೆಬ್ರುವರಿಯಲ್ಲಿ ಹೋದೆವು. ಹಳೇ ಪಟ್ಟಣದ ಚೌಕ ಬಿಟ್ಟು ಝಿಝ್ಕೋವ್‌ನಲ್ಲಿ ಕೋಣೆ ಹಿಡಿದೆವು. ಮನೆ ಬಾಗಿಲಿಗೇ ಟ್ರಾಮ್ ಇರುವ ಊರಿನಲ್ಲಿ ಚೌಕದ ನೋಟಕ್ಕೆ ಬಾಡಿಗೆ ಕಟ್ಟುವುದು ಯಾಕೆ?

ಇನ್ನು ಹಣ ಬದಲಾಯಿಸುವ ಕಿಟಕಿಗಳು. ಚೌಕದ ಸುತ್ತ ಹೆಜ್ಜೆಗೊಂದು. ‘ಕಮಿಷನ್ ಶೂನ್ಯ’ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ, ದರ ಮಾತ್ರ ಕೇಳಬೇಡಿ. ಟ್ರಾಮ್‌ನಲ್ಲಿ ಪರಿಚಯವಾದ ಹುಬ್ಬಳ್ಳಿಯ ಹುಡುಗ ಅಂಥದ್ದೊಂದು ಕಡೆ 200 ಯೂರೊ ಕೊಟ್ಟು ಬಂದಿದ್ದ. ಆಗಿನ ದರದಲ್ಲಿ ಐದು ಸಾವಿರದ ಹತ್ತಿರ ಕೊರುನಾ ಸಿಗಬೇಕಿತ್ತು, ಅವನ ಕೈಲಿದ್ದದ್ದು ನಾಲ್ಕು ಸಾವಿರ ಚಿಲ್ಲರೆ. ರಸೀದಿ ಇದೆಯಾ ಅಂದೆ. ಇತ್ತು. 2019ರ ಏಪ್ರಿಲ್‌ನಿಂದ ಅಲ್ಲೊಂದು ಕಾನೂನು ಜಾರಿಯಲ್ಲಿದೆ: ಸಾವಿರ ಯೂರೊ ಒಳಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಿಕೊಳ್ಳಬಹುದು, ಕಾರಣ ಹೇಳಬೇಕಿಲ್ಲ. ಮುಂದಿನ ನಿಲ್ದಾಣದಲ್ಲೇ ಇಳಿದು ಇಬ್ಬರೂ ವಾಪಸ್ ನಡೆದೆವು. ಕಿಟಕಿಯೊಳಗಿನ ಹೆಂಗಸು ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಗಡಿಯಾರ ನೋಡಿ, ಅವನು ಕೊಟ್ಟಿದ್ದ ಅದೇ ಯೂರೊ ನೋಟುಗಳನ್ನು ಒಂದೂ ಮಾತಿಲ್ಲದೆ ಮುಂದೆ ತಳ್ಳಿದಳು. ಬೀದಿಯಲ್ಲಿ ನಿಂತು ‘ಒಳ್ಳೇ ರೇಟು’ ಅನ್ನುವವರ ಹತ್ತಿರ ಕೊಟ್ಟಿದ್ದರೆ ಈ ಕಾನೂನೂ ಇಲ್ಲ, ರಸೀದಿಯೂ ಇಲ್ಲ.

ಎಟಿಎಂಗಳದ್ದು ಇನ್ನೊಂದು ನಯವಾದ ಆಟ. ಎಷ್ಟು ಕಡಿತ ಆಗುತ್ತದೆ ಎಂದು ರೂಪಾಯಿಯಲ್ಲೇ ತೋರಿಸಿ, ಒಪ್ಪಿಗೆ ಕೊಡಿ ಅನ್ನುತ್ತವೆ. ನಮ್ಮ ರೂಪಾಯಿ ಕಂಡು ಮನಸ್ಸು ಕರಗುತ್ತದೆ, ಕರಗಬಾರದು. ‘ಪರಿವರ್ತನೆ ಬೇಡ’ ಒತ್ತಿ ಕೊರುನಾದಲ್ಲೇ ತೆಗೆಯಿರಿ. ಅಂಗಡಿಯ ಸ್ವೈಪ್ ಯಂತ್ರಕ್ಕೂ ಇದೇ ಮಾತು.

ತಿನ್ನುವುದರಲ್ಲಿಯೂ ಲೆಕ್ಕ ನೋಡಬೇಕು. ಚೌಕದ ಗೂಡಂಗಡಿಗಳಲ್ಲಿ ಹ್ಯಾಮ್ ಸುಡುತ್ತಿರುತ್ತಾರೆ. ನಮ್ಮಂಥ ಸಸ್ಯಾಹಾರಿಗಳಿಗೆ ಆಲೂಗಡ್ಡೆ, ಕೋಸಿನ ಹಲುಷ್ಕಿ. ಫಲಕದಲ್ಲಿರುವ ಬೆಲೆ 100 ಗ್ರಾಂಗೆ, ಆ ‘100 ಗ್ರಾಂ’ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ. ಸೌಟು ದೊಡ್ಡದು. ನನ್ನ ಮುಂದಿದ್ದವರ ತಟ್ಟೆ ತಕ್ಕಡಿಯಲ್ಲಿ 400 ಗ್ರಾಂ ದಾಟಿದ್ದನ್ನು ನೋಡಿ, ನಾನು ‘ಇನ್ನೂರೇ ಗ್ರಾಂ’ ಎಂದು ಬೆರಳು ತೋರಿಸಿ ಹೇಳಿದೆ. ಹೊಟ್ಟೆ ತುಂಬಬೇಕೆಂದರೆ ಡೆಯ್ವಿಟ್ಸೆ ಕಡೆ ಹೋಗಿ. ಕಾಲೇಜು ಹುಡುಗರು ಓಡಾಡುವ ಆ ಬಡಾವಣೆಯಲ್ಲಿ ವಾರದ ದಿನಗಳ ಮಧ್ಯಾಹ್ನ ‘ಪೊಲೆದ್ನಿ ಮೆನು’ ಸಿಗುತ್ತದೆ. ಕರಿದ ಚೀಸು, ಆಲೂಗಡ್ಡೆ, ಇನ್ನೂರು ಕೊರುನಾ ಆಸುಪಾಸು. ಪಕ್ಕದಲ್ಲೇ ರವೀಂದ್ರನಾಥ ಠಾಕೂರರ ಹೆಸರಿನ ಬೀದಿ, ಅದೇ ಹೆಸರಿನ ಟ್ರಾಮ್ ನಿಲ್ದಾಣ. ಕವಿ 1921ರಲ್ಲಿ ಈ ಊರಿಗೆ ಬಂದಿದ್ದರು.

ನಾಲ್ಕನೇ ಚಾರ್ಲ್ಸ್ 1357ರಲ್ಲಿ ಅಡಿಗಲ್ಲು ಹಾಕಿದ ಸೇತುವೆಗೆ ಟಿಕೆಟ್ ಇಲ್ಲ. 1410ರ ಗಡಿಯಾರ ಗಂಟೆಗೊಮ್ಮೆ ಪುಕ್ಕಟೆ ಆಡುತ್ತದೆ. ಕೋಟೆಯ ಅಂಗಳಗಳಿಗೂ ಕಾಸಿಲ್ಲ, ಒಳಗಿನ ಕಟ್ಟಡಗಳಿಗಷ್ಟೇ ಟಿಕೆಟ್. ವಿಮಾನ ನಿಲ್ದಾಣದಿಂದ 59ನೇ ನಂಬರಿನ ಟ್ರಾಲಿಬಸ್ಸು, ಆಮೇಲೆ ಮೆಟ್ರೊ, ಒಂದೇ ಟಿಕೆಟ್. ಟ್ಯಾಕ್ಸಿ ಸುದ್ದಿಗೇ ಹೋಗಲಿಲ್ಲ.

ಕೈಬಿಚ್ಚಿ ಖರ್ಚು ಮಾಡಿದ ಒಂದು ಜಾಗ ಲೆಟ್ನಾದ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಸೈರನ್ ಕೇಳಿ ಬೆಳೆದವರಿಗೆ ಜಾವಾ ಹುಟ್ಟಿದ ಊರು ಪ್ರಾಗ್ ಅನ್ನುವುದು ಸಣ್ಣ ವಿಷಯವಲ್ಲ. 1929ರಲ್ಲಿ ಅದನ್ನು ಶುರು ಮಾಡಿದವನು ಫ್ರಾಂಟಿಶೆಕ್ ಯಾನೆಚೆಕ್. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ನನ್ನ ಗಂಡ ಅಲ್ಲಿ ಬೈಕುಗಳ ಮುಂದೆ ಅರ್ಧ ದಿನ ಕಳೆದರು, ನಾನು ಗಡಿಯಾರ ನೋಡಲಿಲ್ಲ.

ಹೊರಡುವ ಹಿಂದಿನ ರಾತ್ರಿ ಕೈಲಿರುವ ಕೊರುನಾ ಎಣಿಸಿಕೊಳ್ಳಿ. ಊರಿಗೆ ತಂದರೆ ಕೊಳ್ಳುವವರನ್ನು ಹುಡುಕಿಕೊಂಡು ಅಲೆಯಬೇಕು. ಪ್ರಾಗ್‌ನಲ್ಲಿ ತಂಗುವವರು ತಲೆಗೆ, ರಾತ್ರಿಗೆ 50 ಕೊರುನಾ ನಗರ ತೆರಿಗೆ ಕಟ್ಟಬೇಕು, ಎಷ್ಟೋ ಕಡೆ ಅದನ್ನು ಕೋಣೆ ಬಾಡಿಗೆಯಲ್ಲಿ ಸೇರಿಸಿರುವುದಿಲ್ಲ. ನಾವು ಚಿಲ್ಲರೆಯನ್ನೆಲ್ಲ ಕೌಂಟರಿನ ಮೇಲೆ ಸುರಿದು, ತೆರಿಗೆಯಲ್ಲಿ ಕಡಿಮೆ ಬಿದ್ದದ್ದನ್ನು ಕಾರ್ಡಿನಲ್ಲಿ ಕೊಟ್ಟೆವು. ಅಲ್ಲಿದ್ದ ಹುಡುಗ ನಾಣ್ಯಗಳನ್ನು ಜೋಡಿಸಿ ಎಣಿಸಿದ, ಬೇಸರವೇನೂ ಪಡಲಿಲ್ಲ.